ಬಿಟ್ಟುಹೋದ ವ್ಯಾಯಾಮವನ್ನು ಮತ್ತೆ ಹಿಡಿಯುವುದು ಹೇಗೆ?



ನಮ್ಮ ಆಸ್ಪತ್ರೆಯ ಫಿಜಿಯೋಥೆರಪಿ ವಿಭಾಗಕ್ಕೆ ಎರಡನೇ ಸಲ ಬಂದವರನ್ನು ನಾವು ಮೊದಲು ಕೇಳುವ ಪ್ರಶ್ನೆ ಒಂದೇ: "ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೀರಾ?" ಇದನ್ನು ಕೇಳಿದ ಕೂಡಲೇ ಅನೇಕರು ತಲೆ ತಗ್ಗಿಸುತ್ತಾರೆ. ಕೆಲವರು ಜೊತೆಯಲ್ಲಿ ಬಂದ ಮಗನ ಮುಖ ನೋಡುತ್ತಾರೆ. ಮಗ "ಎಲ್ಲಿ ಮಾಡ್ತಾರೆ ಸಾರ್, ಹೇಳಿದ್ರೆ ನಮ್ಮ ಮೇಲೇ ರೇಗ್ತಾರೆ" ಎನ್ನುತ್ತಾನೆ. ಆಮೇಲೆ ನಿಧಾನವಾಗಿ ಉತ್ತರ ಬರುತ್ತದೆ: "ಒಂದ್ ಹದಿನೈದು ದಿನ ಮಾಡ್ದೆ ಸಾ. ಆಮ್ಯಾಕೆ ನಾಟಿ ಕೆಲ್ಸ ಬಂತು, ಬುಟ್ಬುಟ್ಟೆ."

ಹೀಗೆ ಹೇಳಿದವರ ಮೇಲೆ ನಮಗೆ ಬೇಸರವಿಲ್ಲ. ಹದಿನೈದು ದಿನ ಮಾಡಿದ್ದಾರಲ್ಲ, ಅದು ಸಣ್ಣ ಸಂಗತಿಯಲ್ಲ. ನಿಲ್ಲಿಸಿದ್ದನ್ನು ಬಂದು ಹೇಳಿದ್ದಾರೆ, ಅದೂ ಒಳ್ಳೆಯದೇ. ನಮಗೆ ಚಿಂತೆಯಿರುವುದು ಬಾರದೇ ಉಳಿದವರ ಬಗ್ಗೆ. ನಾಗಮಂಗಲದ ಕಡೆಯ ಹಳ್ಳಿಯೊಂದರ ಯಜಮಾನರೊಬ್ಬರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಸೋತಿದ್ದವು. ಒಂದು ತಿಂಗಳು ಶ್ರದ್ಧೆಯಿಂದ ವ್ಯಾಯಾಮ ಮಾಡಿದರು. ಕೋಲು ಹಿಡಿದು ಹಟ್ಟಿಯ ಮುಂದೆ ಓಡಾಡುವಷ್ಟಾದರು. ಆಮೇಲೆ ಮನೆಯಲ್ಲೊಂದು ಮದುವೆ ಬಂತು, ಮೂರು ವಾರ ಎಲ್ಲವೂ ನಿಂತಿತು. ಅದರ ಮುಂದಿನ ವಾರ ನಮ್ಮಲ್ಲಿಗೆ ಬರಬೇಕಿತ್ತು. "ಏನಂತ ಮುಖ ತೋರಿಸಲಿ, ಬೈತಾರೆ" ಎಂದು ಬರಲಿಲ್ಲ. ಬಂದದ್ದು ನಾಲ್ಕು ತಿಂಗಳ ನಂತರ. ಅಷ್ಟರಲ್ಲಿ ಬೆರಳುಗಳು ಮುಷ್ಟಿ ಕಟ್ಟಿಕೊಂಡು ಬಿಗಿದಿದ್ದವು, ಭುಜ ಮೇಲೆತ್ತಲು ಬಾರದಂತಾಗಿತ್ತು. ಮೂರು ವಾರ ಬಿಟ್ಟದ್ದರಿಂದ ಆದ ನಷ್ಟವನ್ನು ತುಂಬಿಕೊಳ್ಳಬಹುದಿತ್ತು. ನಾಚಿಕೆಯಿಂದ ಕಳೆದ ನಾಲ್ಕು ತಿಂಗಳನ್ನು ತುಂಬಿಕೊಳ್ಳಲು ಅವರೂ ನಾವೂ ಬಹಳ ಕಷ್ಟಪಡಬೇಕಾಯಿತು. ಪೂರ್ತಿ ಆಗಲೂ ಇಲ್ಲ.

ಆದ್ದರಿಂದ ಈ ಲೇಖನದಲ್ಲಿ ವ್ಯಾಯಾಮದ ಮಹತ್ವವನ್ನು ಮತ್ತೆ ಹೇಳಹೊರಟಿಲ್ಲ. ಅದು ನಿಮಗೆ ಗೊತ್ತಿದೆ. ಬಿಟ್ಟುಹೋದ ಮೇಲೆ ಏನು ಮಾಡಬೇಕೆಂಬುದಷ್ಟೇ ಇಲ್ಲಿಯ ವಿಷಯ.

ಬಿಟ್ಟರೆ ದೇಹದಲ್ಲಿ ಆಗುವುದೇನು?

ಒಂದೆರಡು ದಿನ ಬಿಟ್ಟರೆ ಶಕ್ತಿ ಕುಂದುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯವರ ಲೆಕ್ಕ ಸ್ವಲ್ಪ ಬೇರೆ. ನೀವು ಇಂದು ಅರ್ಧ ಗಂಟೆ ಚುರುಕಾಗಿ ನಡೆದರೆ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ಈ ಅನುಕೂಲ ಒಂದು ದಿನದಿಂದ ಹೆಚ್ಚೆಂದರೆ ಮೂರು ದಿನದವರೆಗೆ ಇರುತ್ತದೆ, ಆಮೇಲೆ ಇಳಿದುಹೋಗುತ್ತದೆ. ಅದಕ್ಕಾಗಿಯೇ ಸಕ್ಕರೆ ಕಾಯಿಲೆಯವರು ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಬಿಡಬಾರದೆಂದು ವೈದ್ಯರು ಹೇಳುವುದು. ಭಾನುವಾರ ತಪ್ಪಿತೇ, ಸೋಮವಾರವೂ ತಪ್ಪಿತೇ, ಮಂಗಳವಾರ ಹತ್ತು ನಿಮಿಷವಾದರೂ ಸರಿ, ನಡೆಯಿರಿ.

ಹಾಸಿಗೆ ಹಿಡಿದರೆ ಮಾತ್ರ ನಷ್ಟ ಬೇಗ ಆಗುತ್ತದೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಾದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದರು. ಅಷ್ಟರಲ್ಲೇ ಅವರ ಕಾಲುಗಳಿಂದ ಸರಾಸರಿ ಸುಮಾರು 1 ಕಿಲೋ ಮಾಂಸಖಂಡ ಕರಗಿತ್ತು. ಜ್ವರ ಬಂದೋ ಶಸ್ತ್ರಚಿಕಿತ್ಸೆಯಾಗಿಯೋ ಹತ್ತು ದಿನ ಮಲಗಿದ್ದ ಅಜ್ಜಿಗೆ ಬಚ್ಚಲಿಗೆ ಹೋಗಲೂ ಕಾಲು ನಡುಗುವುದು ಇದರಿಂದಲೇ. ಅದು ವಯಸ್ಸಾದದ್ದಕ್ಕೆ ಬಂದ ನಡುಕವಲ್ಲ, ಮಲಗಿದ್ದಕ್ಕೆ ಬಂದದ್ದು.

ಇದರ ಇನ್ನೊಂದು ಮುಖವನ್ನೂ ತಿಳಿದುಕೊಳ್ಳಿ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷದ ಐವರು ಯುವಕರು 3 ವಾರ ಹಾಸಿಗೆಯಲ್ಲೇ ಇದ್ದು ಒಂದು ಪರೀಕ್ಷೆಗೆ ಒಳಗಾದರು. ಅವರ ದುಡಿಯುವ ದಮ್ಮು ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. 30 ವರ್ಷದ ನಂತರ ಅದೇ ಐವರನ್ನು ಮತ್ತೆ ಕರೆದು ಪರೀಕ್ಷಿಸಿದರು. ಮೂವತ್ತು ವರ್ಷದ ವಯಸ್ಸು ಕಸಿದುಕೊಂಡದ್ದಕ್ಕಿಂತ ಆ ಮೂರು ವಾರದ ಮಲಗುವಿಕೆ ಕಸಿದದ್ದೇ ಹೆಚ್ಚಾಗಿತ್ತು! ಆಗ ಐವತ್ತು ದಾಟಿದ್ದ ಅವರಿಗೆ 6 ತಿಂಗಳು ಕ್ರಮವಾಗಿ, ನಿಧಾನವಾಗಿ ಹೆಚ್ಚಿಸುತ್ತಾ ವ್ಯಾಯಾಮ ಮಾಡಿಸಿದರು. ಯೌವನದಲ್ಲಿ ಪರೀಕ್ಷೆಗೆ ಮೊದಲು ಎಷ್ಟು ದಮ್ಮಿತ್ತೋ ಸರಾಸರಿಯಲ್ಲಿ ಅಷ್ಟಕ್ಕೇ ಮರಳಿದರು. ಅದಕ್ಕೆ ಆರು ತಿಂಗಳು ಹಿಡಿಯಿತು, ಆರು ದಿನವಲ್ಲ ಎಂಬುದನ್ನೂ ಗಮನಿಸಬೇಕು.

ಒಂದು ದಿನ ತಪ್ಪಿದರೆ ನೇಮ ಮುರಿದಂತೆಯೇ?

"ನೇಮ ತಪ್ಪಿತು, ಇನ್ನು ಮುಂದಿನ ತಿಂಗಳು ಒಂದನೇ ತಾರೀಖಿನಿಂದ ನೋಡೋಣ" ಎನ್ನುವವರು ಬಹಳ. ಅಮಾವಾಸ್ಯೆ ಕಳೆಯಲಿ, ಆಷಾಢ ಕಳೆಯಲಿ, ಪಿತೃಪಕ್ಷ ಮುಗಿಯಲಿ ಎಂದು ಒಳ್ಳೆಯ ದಿನಕ್ಕಾಗಿ ಕಾಯುವವರೂ ಇದ್ದಾರೆ. ವ್ಯಾಯಾಮಕ್ಕೆ ಮುಹೂರ್ತ ಬೇಡ.

ಇಷ್ಟಲಿಂಗ ಪೂಜೆ ಮಾಡುವವರು ನಿಮ್ಮಲ್ಲಿ ಅನೇಕರಿದ್ದೀರಿ. ಊರಿಗೆ ಹೋದಾಗಲೋ, ರೈಲಿನಲ್ಲೋ, ಆಸ್ಪತ್ರೆಯ ವಾರ್ಡಿನಲ್ಲೋ ಒಂದು ಹೊತ್ತು ಪೂಜೆ ತಪ್ಪಿರಬಹುದು. ಹಾಗೆಂದು ಯಾರಾದರೂ ಲಿಂಗವನ್ನು ತೆಗೆದಿಟ್ಟು ಮುಂದಿನ ತಿಂಗಳು ನೋಡೋಣ ಎನ್ನುತ್ತಾರೆಯೇ? ಮರುದಿನ ಸ್ನಾನವಾದ ಕೂಡಲೇ ಎಂದಿನಂತೆ ಕೂರುತ್ತಾರೆ. ಹೊತ್ತು ತಪ್ಪಿದ ನಮಾಜನ್ನು ಆಮೇಲೆ ಸಲ್ಲಿಸುವ ಶ್ರೀರಂಗಪಟ್ಟಣದ ನಮ್ಮ ಮುಸ್ಲಿಂ ಬಂಧುಗಳಿಗೂ ಇದು ಗೊತ್ತು. ಇನ್ನೂ ಹತ್ತಿರದ ಮಾತು ಬೇಕೆಂದರೆ ಹಾಲಿನ ಡೇರಿ ಇದೆ. ಒಂದು ಸಂಜೆ ಡೇರಿಗೆ ಹಾಲು ಹಾಕಲಿಲ್ಲವೆಂದು ಯಾರೂ ಹಸುವನ್ನು ಸಂತೆಗೆ ಹೊಡೆಯುವುದಿಲ್ಲ. ಪುಸ್ತಕದಲ್ಲಿ ಆ ಹೊತ್ತಿನ ಮನೆ ಖಾಲಿ ಇರುತ್ತದೆ, ಮುಂದಿನ ಹೊತ್ತು ಮತ್ತೆ ಬರೆಸುತ್ತೀರಿ, ಅಷ್ಟೇ.

ಇದು ಬರೀ ಸಮಾಧಾನದ ಮಾತಲ್ಲ. ಲಂಡನ್ನಿನ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಹೊಸ ಅಭ್ಯಾಸ ಮೈಗೂಡಲು ಎಷ್ಟು ದಿನ ಬೇಕೆಂದು 96 ಜನರನ್ನು ಗಮನಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ 18 ದಿನ ಸಾಕಾಗುವಂತಿದ್ದರೆ ಕೆಲವರಿಗೆ 254 ದಿನ ಬೇಕಾಗುತ್ತಿತ್ತು. ನಡುವಿನ ಲೆಕ್ಕ 66 ದಿನ. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಎಂಬ ಮಾತನ್ನು ಅಷ್ಟಾಗಿ ನಂಬಬೇಡಿ. ಅದಕ್ಕಿಂತ ಮುಖ್ಯವಾದದ್ದು ಅವರು ಕಂಡ ಇನ್ನೊಂದು ಅಂಶ: ನಡುವೆ ಒಂದು ದಿನ ತಪ್ಪಿದವರ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬಿದ್ದಿರಲಿಲ್ಲ.

ಬಾಕಿ ತೀರಿಸಲು ಹೋಗಬೇಡಿ

ನಾಚಿಕೆಪಟ್ಟು ಬಿಟ್ಟುಬಿಡುವವರು ಒಂದು ಬಗೆ. ಇನ್ನೊಂದು ಬಗೆಯವರು ರೋಷದಿಂದ ಒಂದೇ ದಿನದಲ್ಲಿ ಎಲ್ಲವನ್ನೂ ತೀರಿಸಹೊರಡುತ್ತಾರೆ. ನಮ್ಮಲ್ಲಿಗೆ ತುರ್ತಾಗಿ ಬರುವವರು ಹೆಚ್ಚಾಗಿ ಈ ಎರಡನೆಯವರು.

ನಾಲೆ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟು ಪದ್ಧತಿಯಲ್ಲಿ ನೀರು ಬರುವಾಗ ನಿಮ್ಮ ಒಂದು ಕಟ್ಟು ತಪ್ಪಿತೆನ್ನಿ. ಮುಂದಿನ ಕಟ್ಟಿನಲ್ಲಿ ಎರಡರಷ್ಟು ನೀರು ನಿಲ್ಲಿಸಿದರೆ ಪೈರು ಎರಡರಷ್ಟು ಏಳುವುದಿಲ್ಲ, ಕೊಳೆಯುತ್ತದೆ. ಮೈಯೂ ಹಾಗೆಯೇ. ನಿನ್ನೆ ಬಿಟ್ಟ ಅರ್ಧ ಗಂಟೆಯನ್ನು ಇಂದಿನ ಅರ್ಧ ಗಂಟೆಗೆ ಸೇರಿಸಬಾರದು. ನಿನ್ನೆಯದು ಹೋಯಿತು, ಅದನ್ನು ಅಲ್ಲಿಗೇ ಬಿಡಿ.

ತಿಂಗಳುಗಟ್ಟಲೆ ನಡೆಯದೆ ಇದ್ದು, ಒಂದು ದಿನ ಮನಸ್ಸು ಮಾಡಿ ಕರಿಘಟ್ಟದ ಮೆಟ್ಟಿಲನ್ನೋ ಮೇಲುಕೋಟೆಯ ಯೋಗನರಸಿಂಹಸ್ವಾಮಿ ಬೆಟ್ಟವನ್ನೋ ಒಂದೇ ಉಸಿರಿಗೆ ಹತ್ತುವವರಿದ್ದಾರೆ. ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಡುವವರೂ ಇದ್ದಾರೆ. ಹರಕೆಗೆ ನಾವು ಅಡ್ಡ ಬರುವುದಿಲ್ಲ. ಆದರೆ ಎದೆಯ ತೊಂದರೆ ಇರುವವರು, ಮಂಡಿ ಸವೆದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮೊದಲು ಇಲ್ಲಿ ತೋರಿಸಿಕೊಂಡು ಹೋಗಿ. ಬರಿಗಾಲಲ್ಲಿ ಕಾದ ಕಲ್ಲಿನ ಮೇಲೆ ನಡೆದು, ಬೊಬ್ಬೆ ಎದ್ದದ್ದೇ ತಿಳಿಯದೆ, ಮನೆಗೆ ಬಂದ ಮೇಲೆ ಕಾಲುಚೀಲಕ್ಕೆ ಅಂಟಿದ ರಸಿಕೆ ನೋಡಿ ಗಾಬರಿಯಾದವರನ್ನು ನಾವು ಕಂಡಿದ್ದೇವೆ. ಬೆರಳು ಉಳಿಸಿಕೊಳ್ಳುವುದೇ ಕಷ್ಟವಾದ ಪ್ರಸಂಗಗಳೂ ಇವೆ.

ಬಹಳ ದಿನದ ನಂತರ ಮೈ ದಂಡಿಸಿದರೆ ಮರುದಿನ ತೊಡೆ, ಮೀನಖಂಡ ಹಿಡಿದುಕೊಂಡಂತೆ ನೋಯುತ್ತವೆ. ಈ ನೋವು ಎರಡನೇ ಮೂರನೇ ದಿನ ಜಾಸ್ತಿಯಿದ್ದು ಐದು ದಿನದೊಳಗೆ ತಾನಾಗಿ ಇಳಿಯುತ್ತದೆ. ಇದಕ್ಕೆ ಹೆದರಿ ಮತ್ತೆ ನಿಲ್ಲಿಸಬೇಕಾಗಿಲ್ಲ, ನಿಧಾನವಾಗಿ ಓಡಾಡುತ್ತಿರಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಾ ವ್ಯಾಯಾಮ ಮುಂದುವರಿಸುವುದು ಮಾತ್ರ ಬೇಡ. ಅದು ಮೂತ್ರಪಿಂಡಕ್ಕೆ, ಹೊಟ್ಟೆಗೆ ಕೆಟ್ಟದ್ದು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಸಾಮಾನ್ಯ ಮೈಕೈ ನೋವಲ್ಲ, ತಡಮಾಡದೆ ಆಸ್ಪತ್ರೆಗೆ ಬನ್ನಿ.

ಎಷ್ಟು ದಿನ ಬಿಟ್ಟಿದ್ದರೆ ಎಲ್ಲಿಂದ ಆರಂಭ?

ಎರಡು ಮೂರು ದಿನ ಮಾತ್ರ ತಪ್ಪಿದ್ದರೆ, ಮೈ ಆರೋಗ್ಯವಾಗಿದ್ದರೆ, ಏನೂ ಆಗಿಲ್ಲವೆಂಬಂತೆ ಎಂದಿನಷ್ಟೇ ಮಾಡಿ.

ಒಂದು ಎರಡು ವಾರ ಬಿಟ್ಟಿದ್ದರೆ ಅರ್ಧದಿಂದ ಹಿಡಿಯಿರಿ. ಅರ್ಧ ಗಂಟೆ ನಡೆಯುತ್ತಿದ್ದವರು ಕಾಲು ಗಂಟೆ, ಹತ್ತು ಸಲ ಕಾಲೆತ್ತುತ್ತಿದ್ದವರು ಐದು ಸಲ. ನಾಲ್ಕೈದು ದಿನ ಹೀಗೆ ಮಾಡಿ, ಮೈ ಒಗ್ಗಿದೆ ಎನಿಸಿದರೆ ಐದು ನಿಮಿಷ ಏರಿಸಿ.

ಒಂದು ತಿಂಗಳು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಹೊಸಬರಂತೆ ಮೊದಲಿನಿಂದ ಶುರುಮಾಡಿ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಸಾಕು. ಇಷ್ಟರಿಂದ ಏನು ಪ್ರಯೋಜನ ಎನಿಸಬಹುದು. ಹಿಂದೆ ಒಂದೇ ಸಮನೆ ಕನಿಷ್ಠ 10 ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿದಾಗ ಆ ನಿಯಮವನ್ನು ತೆಗೆದುಹಾಕಿತು. ಎಷ್ಟೇ ಚಿಕ್ಕದಾದರೂ ಜಮೆಗೆ ಸೇರುತ್ತದೆ. ವಾರಕ್ಕೆ 150ರಿಂದ 300 ನಿಮಿಷ ಎಂಬುದು ಆ ಸಂಸ್ಥೆ ವಯಸ್ಕರಿಗೆ ಹೇಳಿರುವ ಗುರಿ. ಅಲ್ಲಿಗೆ ಮುಟ್ಟಲು ಎರಡು ಮೂರು ತಿಂಗಳು ಹಿಡಿದರೆ ಹಿಡಿಯಲಿ. ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲಿಲ್ಲವೆಂದು ಬೇಸರಪಡುವ ಯುವಕರಿಗೊಂದು ಮಾತು: ಆ ಸಂಖ್ಯೆ ಯಾವ ವೈದ್ಯರೂ ಅಳೆದು ಹೇಳಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಹರಡಿದ್ದು.

ಎಷ್ಟು ಜೋರಾಗಿ ನಡೆಯಬೇಕು? ನಡೆಯುತ್ತಾ ಪಕ್ಕದವರೊಡನೆ ಮಾತನಾಡಲು ಆಗಬೇಕು, ಆದರೆ ಸೋಬಾನೆ ಪದ ಹಾಡಲು ಆಗಬಾರದು. ಮಾತನಾಡಲೂ ಏದುಸಿರು ಬಂದರೆ ವೇಗ ತಗ್ಗಿಸಿ.

ಜ್ವರ ಬಂದು ಬಿಟ್ಟಿದ್ದರೆ, ಜ್ವರ ಪೂರ್ತಿ ಇಳಿದು ಊಟ ಸೇರುವವರೆಗೆ ಕಾಯಿರಿ. ಡೆಂಗಿ ಆದವರು ವೈದ್ಯರು ಹೇಳುವವರೆಗೂ ಕಾಯಬೇಕು. ಚಿಕುನ್‌ಗುನ್ಯಾದ ಕೀಲುನೋವು ಎಷ್ಟೋ ವಾರ ಕಾಡುತ್ತದೆ. ಅದು ಪೂರ್ತಿ ಹೋಗಲೆಂದು ಕಾದರೆ ಕೀಲು ಇನ್ನಷ್ಟು ಬಿಗಿಯುವುದರಿಂದ ಮೆಲ್ಲಗೆ ಆಡಿಸುತ್ತಿರಬೇಕು. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ಲಕ್ವ ಹೊಡೆದವರು ಎರಡು ವಾರಕ್ಕಿಂತ ಹೆಚ್ಚು ಬಿಟ್ಟಿದ್ದರೆ ತಾವೇ ಆರಂಭಿಸದೆ ಒಮ್ಮೆ ತೋರಿಸಿಕೊಂಡು ಹೋಗುವುದು ಕ್ಷೇಮ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆಯನ್ನು ಬಹಳ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ವಿಶೇಷ ಸೂಚನೆಯಿದೆ. ನೀವು ನಡಿಗೆ ಬಿಟ್ಟಿದ್ದ ದಿನಗಳಲ್ಲಿ ಸಕ್ಕರೆ ಏರಿ, ವೈದ್ಯರು ಔಷಧಿಯನ್ನು ಹೆಚ್ಚಿಸಿರಬಹುದು. ಈಗ ಆ ಹೆಚ್ಚಿದ ಔಷಧಿಯ ಮೇಲೆ ನಡಿಗೆಯೂ ಸೇರಿದರೆ ಸಕ್ಕರೆ ಥಟ್ಟನೆ ಇಳಿಯಬಹುದು. ಕೆ.ಆರ್. ಪೇಟೆ ಕಡೆಯ ತಾಯಿಯೊಬ್ಬರು ಹೀಗೆಯೇ ತಿಂಡಿ ತಿನ್ನದೆ ನಡೆಯಲು ಹೋಗಿ, ಬೆವೆತು ನಡುಗಿ ಹೊಲದ ಬದುವಿನಲ್ಲಿ ಕುಸಿದಿದ್ದರು. ಪುಣ್ಯಕ್ಕೆ ಹುಲ್ಲು ಕೊಯ್ಯುತ್ತಿದ್ದವರು ನೋಡಿದರು. ನೀವು ಮತ್ತೆ ಆರಂಭಿಸುವ ಸಂಗತಿಯನ್ನು ವೈದ್ಯರಿಗೆ ತಿಳಿಸಿ. ನಡೆಯುವ ಮೊದಲು ಸಕ್ಕರೆ ನೂರರ ಒಳಗಿದ್ದರೆ ಏನಾದರೂ ತಿಂದು ಹೊರಡಿ. ಜೇಬಿನಲ್ಲಿ, ಸೆರಗಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಬೆವರು, ನಡುಕ, ಕಣ್ಣು ಮಂಜಾದರೆ ಅಲ್ಲೇ ಕುಳಿತು ಮೂರು ಟೀ ಚಮಚದಷ್ಟು ಸಕ್ಕರೆ ತಿನ್ನಿ. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ತಿನ್ನಿ, ಆಮೇಲೆ ಊಟ ಮಾಡಿ. ಆಗ ಮಾತ್ರ ಸಕ್ಕರೆ ತಿಂದರೆ ನಾವು ಬೈಯುವುದಿಲ್ಲ.

ಮಾಡಿದರೂ ಚೆನ್ನಾಗಿ ಆಗದ ದಿನ

ನಿನ್ನೆ ಲೀಲಾಜಾಲವಾಗಿ ಎರಡು ಸುತ್ತು ಬಂದವರಿಗೆ ಇಂದು ಅರ್ಧ ಸುತ್ತಿಗೇ ಕಾಲು ಎಳೆಯುತ್ತದೆ. ನಿನ್ನೆ ಗೋಡೆಯ ಮೇಲೆ ಬೆರಳು ಹತ್ತಿಸುತ್ತಾ ಬಾಗಿಲ ಚೌಕಟ್ಟಿನ ಎತ್ತರ ಮುಟ್ಟಿದ ಕೈ ಇಂದು ಭುಜದ ಮಟ್ಟದಲ್ಲೇ ನಿಲ್ಲುತ್ತದೆ. ಆಗ "ಮಾಡಿ ಏನು ಬಂತು" ಎನಿಸುತ್ತದೆ. ಆದರೆ ಚೇತರಿಕೆ ಎಂಬುದು ದಿನವೂ ಒಂದೊಂದು ಮೆಟ್ಟಿಲು ಏರಿದಂತೆ ಇರುವುದಿಲ್ಲ. ರಾತ್ರಿ ನಿದ್ದೆ ಕೆಟ್ಟಿರಬಹುದು, ಬಿಸಿಲು ಜಾಸ್ತಿ ಇದ್ದಿರಬಹುದು, ಊಟ ಸರಿಯಾಗಿ ಆಗಿರಲಿಕ್ಕಿಲ್ಲ, ನೆಗಡಿ ಜ್ವರ ಬರುವ ಮುನ್ಸೂಚನೆ ಇರಬಹುದು. ಒಂದು ದಿನದ ಸೋಲಿನಿಂದ ಏನನ್ನೂ ನಿರ್ಧರಿಸಬೇಡಿ. ಅಂದು ಆದಷ್ಟು ಮಾಡಿ ಮುಗಿಸಿ.

ಅದೇ ನಾಲ್ಕೈದು ದಿನ ಸತತವಾಗಿ ಹೀಗೇ ಆದರೆ ಸುಮ್ಮನಿರಬಾರದು. ರಕ್ತ ಕಡಿಮೆ ಇರುವುದು, ಸಕ್ಕರೆ ಏರಿರುವುದು, ರಕ್ತದೊತ್ತಡದ ಹೊಸ ಮಾತ್ರೆ ಒಗ್ಗದಿರುವುದು, ಹೃದಯದ ತೊಂದರೆ, ಹೀಗೆ ಕಾರಣ ಏನಾದರೂ ಇರಬಹುದು. ಅಂಥವರು ಚೀಟಿ ಮಾಡಿಸಿ ವೈದ್ಯರನ್ನು ಕಾಣಬೇಕು. ಹೆಂಗಸರು ಸುಸ್ತನ್ನು ಮನೆಗೆಲಸದ ಲೆಕ್ಕಕ್ಕೆ ಬರೆದು ತಿಂಗಳುಗಟ್ಟಲೆ ತಳ್ಳುವುದನ್ನು ನಾವು ದಿನವೂ ನೋಡುತ್ತೇವೆ.

ಮಂಡಿನೋವಿನವರಿಗೆ ಸುಲಭವಾದ ಒಂದು ಅಳತೆಯಿದೆ. ವ್ಯಾಯಾಮ ಮುಗಿದು ಎರಡು ಗಂಟೆಯಾದರೂ ನೋವು ಮೊದಲಿಗಿಂತ ಹೆಚ್ಚಾಗಿಯೇ ಇದ್ದರೆ ಅಂದು ಅತಿಯಾಯಿತೆಂದು ಅರ್ಥ. ನಾಳೆ ಬಿಡುವುದು ಬೇಡ, ಕಡಿಮೆ ಮಾಡಿ. ನಡೆಯಲು ಆಗದ ದಿನ ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವಲ್ ಇಟ್ಟು, ಐದು ಎಣಿಸುವಷ್ಟು ಹೊತ್ತು ಒತ್ತಿ ಬಿಡುವುದನ್ನಾದರೂ ಹತ್ತು ಸಲ ಮಾಡಿ.

ನಮ್ಮ ಸೀಮೆಯಲ್ಲಿ ವ್ಯಾಯಾಮ ತಪ್ಪುವುದು ಯಾವಾಗ?

ಯಾವಾಗ ತಪ್ಪುತ್ತದೆ ಎಂಬುದನ್ನು ನಾವು ಈಗ ಪಂಚಾಂಗದಂತೆ ಹೇಳಬಲ್ಲೆವು. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನವರು ನಾಟಿಯ ಕಾಲಕ್ಕೆ, ಕಬ್ಬು ಕಟಾವಿಗೆ ಬಿಡುತ್ತಾರೆ. ನಾಗಮಂಗಲದವರು ರಾಗಿ ಕೊಯ್ಲು, ಒಕ್ಕಣೆಗೆ. ಜನವರಿಯಿಂದ ಏಪ್ರಿಲ್‌ವರೆಗೆ ಸಂಕ್ರಾಂತಿ, ಸುತ್ತೂರು ಜಾತ್ರೆ, ಕೆ.ಆರ್. ಪೇಟೆ ಕಡೆಯವರಿಗೆ ಹೇಮಗಿರಿಯ ದನಗಳ ಜಾತ್ರೆ, ರಥಸಪ್ತಮಿಯ ತೇರು, ಶಿವರಾತ್ರಿ, ಮೇಲುಕೋಟೆಯ ವೈರಮುಡಿ, ಯುಗಾದಿ ಎಂದು ಸಾಲಾಗಿ ಬರುತ್ತವೆ. ನಡುವೆ ಮದುವೆಗಳು. ಬರುವುದೆಂದು ಮೊದಲೇ ಗೊತ್ತಿರುವ ಅಡಚಣೆಗೆ ಮೊದಲೇ ದಾರಿ ಮಾಡಿಕೊಳ್ಳಬಹುದು. ಆ ವಾರದ ಮಟ್ಟಿಗೆ ಕೆಲಸವನ್ನು ಚಿಕ್ಕದು ಮಾಡಿಕೊಳ್ಳಿ, ಪೂರ್ತಿ ಬಿಡಬೇಡಿ. ಮದುವೆ ಛತ್ರದಲ್ಲಿ ಕುರ್ಚಿಯ ಮೇಲೆ ಕುಳಿತೇ ಕಾಲು ಚಾಚಿ ಮಡಿಸಬಹುದು, ಯಾರೂ ನೋಡಿ ನಗುವುದಿಲ್ಲ. ಲಕ್ವದವರ ಕೈಬೆರಳು ಬಿಡಿಸುವ ವ್ಯಾಯಾಮಕ್ಕೆ ಐದು ನಿಮಿಷ ಸಾಕು, ಬಸ್ಸಿನಲ್ಲೂ ಆಗುತ್ತದೆ.

"ಹೊಲದ ಕೆಲಸವೇ ವ್ಯಾಯಾಮ ಅಲ್ವಾ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾಗಿದೆ. ದಿನವಿಡೀ ನಾಟಿ ಹಾಕಿದವರು, ಕಬ್ಬಿನ ಹೊರೆ ಹೊತ್ತವರು ಸಂಜೆ ಪ್ರತ್ಯೇಕವಾಗಿ ನಡೆಯಬೇಕಾಗಿಲ್ಲ. ಆ ದಿನಗಳನ್ನು ತಪ್ಪಿದ ದಿನವೆಂದು ಎಣಿಸಬೇಡಿ. ಆದರೆ ಎರಡು ಸಂಗತಿ ನೆನಪಿರಲಿ. ಹೆಪ್ಪುಗಟ್ಟಿದ ಭುಜಕ್ಕೆ, ಶಸ್ತ್ರಚಿಕಿತ್ಸೆಯಾದ ಮಂಡಿಗೆ, ಸೋತ ಕೈಗೆ ಹೇಳಿಕೊಟ್ಟ ವ್ಯಾಯಾಮದ ಬದಲಿಗೆ ಹೊಲದ ಕೆಲಸ ಆಗುವುದಿಲ್ಲ. ಹೊಲದಲ್ಲಿ ನಾವು ಸೋತ ಕೈಯನ್ನು ಬಿಟ್ಟು ಗಟ್ಟಿ ಕೈಯಿಂದಲೇ ಎಲ್ಲ ಮಾಡುತ್ತೇವೆ. ಎರಡನೆಯದು, ಸುಗ್ಗಿ ಮುಗಿದ ಮೇಲಿನ ದಿನಗಳು. ಈಗ ಕೊಯ್ಲಿಗೂ ಯಂತ್ರ ಬಂದಿದೆ, ಹೊಲಕ್ಕೆ ಹೋಗಲು ಬೈಕಿದೆ. ಆರು ವಾರ ಮೈಮುರಿದು ದುಡಿದು ಮುಂದಿನ ನಾಲ್ಕು ತಿಂಗಳು ಜಗಲಿಯಲ್ಲಿ ಕುಳಿತರೆ ಸಕ್ಕರೆ ಹತೋಟಿಗೆ ಬರುವುದಿಲ್ಲ.

ಬೆಳಗಿನ ಜಾವ ನಡೆಯಲು ಹೆದರಿಕೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಕಬ್ಬಿನ ಗದ್ದೆಗಳಲ್ಲಿ ಚಿರತೆ ಸೇರಿಕೊಳ್ಳುವುದು ನಮ್ಮ ಜಿಲ್ಲೆಯಲ್ಲಿ ಕಟ್ಟುಕಥೆಯಲ್ಲ. ನಾಲೆ ಏರಿಯ ಮೇಲೂ ಕತ್ತಲಲ್ಲಿ ಹೋಗಬಾರದು. ಮೈಸೂರು ಬೆಂಗಳೂರು ಹೆದ್ದಾರಿಯ ಬದಿಯಂತೂ ನಡೆಯುವ ಜಾಗವೇ ಅಲ್ಲ. ವ್ಯಾಯಾಮಕ್ಕೆ ಬ್ರಾಹ್ಮೀ ಮುಹೂರ್ತವೇ ಆಗಬೇಕೆಂದಿಲ್ಲ. ಬಿಸಿಲೇರುವ ಮೊದಲು ಬೆಳಕಿನಲ್ಲಿ ನಡೆಯಬಹುದು, ಸಂಜೆ ನಡೆಯಬಹುದು, ಊಟವಾದ ಮೇಲೆ ಮನೆಯ ಅಂಗಳದಲ್ಲೇ ಹತ್ತು ಹದಿನೈದು ನಿಮಿಷ ಓಡಾಡಬಹುದು. ಊಟದ ನಂತರದ ಈ ಓಡಾಟ ಸಕ್ಕರೆ ಏರುವುದನ್ನು ಚೆನ್ನಾಗಿ ತಡೆಯುತ್ತದೆ. ಪೇಟೆಯವರಿಗೆ ಶಾಲೆಯ ಮೈದಾನ, ದೇವಸ್ಥಾನದ ಪ್ರಾಕಾರ ಇದೆ. ಎಲ್ಲಕ್ಕಿಂತ ಒಳ್ಳೆಯದೆಂದರೆ ನಿತ್ಯವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಇದನ್ನು ಗಂಟು ಹಾಕುವುದು. ಡೇರಿಗೆ ಹಾಲು ಹಾಕಿ ಬರುವಾಗ ಒಂದು ಸುತ್ತು ಹೆಚ್ಚಿಗೆ ಬನ್ನಿ. ಪೂಜೆ ಮುಗಿಸಿ ಏಳುವ ಮೊದಲು ಕೈ ವ್ಯಾಯಾಮ ಮುಗಿಸಿ. ಗಡಿಯಾರ ನೋಡಿ ಮಾಡುವವರಿಗಿಂತ ಹೀಗೆ ಮಾಡುವವರು ಕಡಿಮೆ ತಪ್ಪುತ್ತಾರೆ ಎಂಬುದು ನಮ್ಮ ಅನುಭವ.

ಜೊತೆಯಲ್ಲಿರುವ ಬಂಧುಗಳಿಗೆ

ನಿಮ್ಮ ಕಾಳಜಿ ನಮಗೆ ಅರ್ಥವಾಗುತ್ತದೆ. ಆದರೆ "ಇಷ್ಟೊಂದು ದುಡ್ಡು ಸುರಿದಿದ್ದೀವಿ, ನೀನು ಕಾಲೂ ಅಲ್ಲಾಡಿಸಲ್ಲ" ಎಂದು ನಾಲ್ಕು ಜನರ ಮುಂದೆ ಅಂದರೆ ಕಾಯಿಲೆಯವರು ಮರುದಿನ ಮುಸುಕು ಹೊದ್ದು ಮಲಗುತ್ತಾರೆಯೇ ಹೊರತು ಏಳುವುದಿಲ್ಲ. ಅದರ ಬದಲು "ಬಾ ಅಪ್ಪ, ನಾನೂ ಬರ್ತೀನಿ, ಅರಳಿಕಟ್ಟೆ ತನಕ ಹೋಗಿ ಬರೋಣ" ಎನ್ನಿ. ಮೊಮ್ಮಕ್ಕಳನ್ನು ಎಣಿಸಲು ಕೂರಿಸಿ. ಅಜ್ಜಿ ಹತ್ತು ಸಲ ಕೈಯೆತ್ತುವುದನ್ನು ಮಗು ಎಣಿಸಿದರೆ ಅಜ್ಜಿ ಹನ್ನೆರಡು ಮಾಡುತ್ತಾರೆ.

ಇನ್ನು ಕೆಲವರು ಪ್ರೀತಿಯಿಂದ ಎಲ್ಲವನ್ನೂ ತಾವೇ ಮಾಡಿಕೊಡುತ್ತಾರೆ. ನೀರು ಕುಡಿಸುವುದು, ಮುದ್ದೆ ಮುರಿದು ಬಾಯಿಗಿಡುವುದು, ಗುಂಡಿ ಹಾಕುವುದು. ಕೈಗೆ ತಕ್ಕಮಟ್ಟಿಗೆ ಶಕ್ತಿ ಬಂದ ಮೇಲೂ ಹೀಗೆ ಮಾಡುವುದು ಉಪಕಾರವಲ್ಲ. ತಡವಾದರೆ ಆಗಲಿ, ಚೆಲ್ಲಿದರೆ ಚೆಲ್ಲಲಿ, ಅವರೇ ಮಾಡಿಕೊಳ್ಳಲಿ. ಲಕ್ವ ಹೊಡೆದವರನ್ನು ಏಳಿಸುವಾಗ ಸೋತ ಕೈಯನ್ನು ಹಿಡಿದು ಎಂದಿಗೂ ಎಳೆಯಬೇಡಿ, ಭುಜದ ಕೀಲು ಸಡಿಲವಾಗಿ ಜಾರುತ್ತದೆ. ಸೊಂಟದ ಹತ್ತಿರ ಬಟ್ಟೆಯ ಪಟ್ಟಿ ಕಟ್ಟಿ ಅದನ್ನು ಹಿಡಿಯಿರಿ. ಬಹಳ ದಿನ ಬಿಟ್ಟು ಬಿಗಿದ ಬೆರಳನ್ನು ಬಲವಂತವಾಗಿ ಬಿಡಿಸಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ನೀರಿನ ಬಿಸಿಯನ್ನು ಮೊದಲು ನಿಮ್ಮ ಕೈಯಿಂದ ನೋಡಿ, ಆಮೇಲೆ ಹೆಬ್ಬೆರಳಿನಿಂದ ಶುರುಮಾಡಿ ಮೆಲ್ಲಗೆ ಬಿಡಿಸಿ. ಹೇಗೆಂದು ತಿಳಿಯದಿದ್ದರೆ ನಮ್ಮಲ್ಲಿ ಬಂದು ನೋಡಿಕೊಂಡು ಹೋಗಿ.

ವ್ಯಾಯಾಮ ಮಾಡುವಾಗ ಎದೆ ಹಿಂಡಿದಂತಾದರೆ, ಎಡಗೈಗೆ ಅಥವಾ ದವಡೆಗೆ ನೋವು ಹರಿದರೆ, ಉಸಿರು ಸಿಕ್ಕದಿದ್ದರೆ, ತಲೆ ತಿರುಗಿ ಬೀಳುವಂತಾದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಆ ಕ್ಷಣವೇ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ತಿಕ್ಕಬೇಡಿ, ಅಂದೇ ಆಸ್ಪತ್ರೆಗೆ ಬನ್ನಿ. ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು.

ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ವ್ಯಾಯಾಮ ಮಾಡಿದ ದಿನಕ್ಕೆ ಒಂದು ಗೀಟು ಹಾಕುತ್ತಾ ಬನ್ನಿ. ಐದು ನಿಮಿಷ ಮಾಡಿದ್ದಕ್ಕೂ ಗೀಟು ಹಾಕಬಹುದು. ಮುಂದಿನ ಸಲ ಬರುವಾಗ ಆ ತಿಂಗಳ ಹಾಳೆಯನ್ನು ನಿಮ್ಮ ಚೀಟಿ, ಎಕ್ಸ್‌ರೇ ಜೊತೆಗೆ ಮಡಿಸಿ ತನ್ನಿ. ಆಸ್ಪತ್ರೆಗೆ ಹೊರಡುವ ಹಿಂದಿನ ರಾತ್ರಿ ಕುಳಿತು ಖಾಲಿ ಮನೆಗಳನ್ನು ತುಂಬಿಸುವವರೂ ಇದ್ದಾರೆ. ಒಂದೇ ಪೆನ್ನಿನ ಒಂದೇ ಬಗೆಯ ಗೀಟು ನೋಡಿದರೆ ನಮಗೆ ತಿಳಿಯುತ್ತದೆ. ದಯವಿಟ್ಟು ಖಾಲಿ ಮನೆಗಳನ್ನು ಖಾಲಿಯಾಗಿಯೇ ಬಿಡಿ. ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ತಿಳಿದರೆ ನಿಮಗೆ ಹೊಂದುವಂತೆ ವ್ಯಾಯಾಮವನ್ನು ಬದಲಿಸಿ ಕೊಡಲು ನಮಗೆ ಅನುಕೂಲವಾಗುತ್ತದೆ.